ಬ್ಲೂ ಟಿಕ್ಕಿನ ಆಯೇರಿ

ಬೆಳಗಾವಿ ಸೀಮೆಯ ಮದುವೆಯಲ್ಲಿ ಅಕ್ಕಿಕಾಳು ಬಿದ್ದು ಮಂದಿ ಊಟದ ಪಂಕ್ತಿಯತ್ತ ಹೊರಳುವ ಹೊತ್ತಿಗೆ ಮಂಟಪದ ಮಗ್ಗುಲಲ್ಲಿ ಒಬ್ಬರು ವಹಿ ಬಿಚ್ಚಿ ಕೂತಿರುತ್ತಾರೆ. ಮನೆತನದಲ್ಲೇ ಅಕ್ಷರ ದುಂಡಗಿರುವ, ಲೆಕ್ಕ ತಪ್ಪದ ಒಬ್ಬ ಕಾಕಾ ಆ ಕೆಲಸಕ್ಕೆ ಗೊತ್ತಾಗಿರುತ್ತಾರೆ. ಲಕೋಟೆ ಒಡೆದು ಹೆಸರು, ಊರು, ಮೊತ್ತ ಬರೆಯುವುದು, ಸೀರೆ-ಖಣ ಬಂದಿದ್ದರೆ ಅದನ್ನೂ ಕಾಣಿಸುವುದು ಅವರ ಪಾಲಿಗೆ. ಇದಕ್ಕೆ ಆಯೇರಿ ಎನ್ನುತ್ತಾರೆ. ಮೈಸೂರು ಕಡೆಯವರಿಗೆ ಮುಯ್ಯಿ, ಮರಾಠಿ ಮನೆಗಳಲ್ಲಿ ಆಹೇರ. ವಹಿ ಇಡುವುದು ಆಸೆಬುರುಕತನದಿಂದಲ್ಲ. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ನಾವು ಕೈ ಬೀಸಿಕೊಂಡು ಹೋಗುವಂತಾಗಬಾರದು ಎಂಬ ಅಂಜಿಕೆಯಿಂದ. ಕೊಟ್ಟದ್ದು ಒಂದು ಬಗೆಯ ಸಾಲವೇ ಸರಿ, ಆದರೆ ಅವಸರದ ಸಾಲವಲ್ಲ. ತೀರಿಸಬೇಕೆಂದರೆ ಅವರ ಮಗಳು ಬೆಳೆದು ದೊಡ್ಡವಳಾಗಬೇಕು, ಸಂಬಂಧ ಕೂಡಿಬರಬೇಕು, ಮುಹೂರ್ತ ಗೊತ್ತಾಗಬೇಕು. ಅಲ್ಲಿಯ ತನಕ ವಹಿ ಟ್ರಂಕಿನ ತಳದಲ್ಲಿ ಮಲಗಿರುತ್ತದೆ, ಸಾಲಗಾರನೂ ನೆಮ್ಮದಿಯಿಂದ ಮಲಗಿರುತ್ತಾನೆ.

ಈಗ ನಮ್ಮ ಕಿಸೆಯಲ್ಲಿರುವ ವಹಿ ಮಲಗುವುದಿಲ್ಲ. ಬೆಳಿಗ್ಗೆ ಐದೂವರೆಗೆ ಗುಲಾಬಿ ಹೂವಿನ ಶುಭೋದಯ ಬಂತೆಂದರೆ ಲೆಕ್ಕ ಶುರು. ಯಾರದೋ ಹುಟ್ಟುಹಬ್ಬ, ಯಾರದೋ ಮಗನ ರಿಸಲ್ಟು, ಯಾರೋ ಹೊಸ ಗಾಡಿಗೆ ನಿಂಬೆಹಣ್ಣು ಕಟ್ಟಿದ ಫೋಟೊ, ಇನ್ನಾರದೋ ಮನೆಯ ಸಾವು. ಒಂದೊಂದಕ್ಕೂ ಒಂದು ಉತ್ತರ ಬೇಕು, ಹೊತ್ತು ಮೀರುವ ಮೊದಲೇ ಬೇಕು. ಕೊಡದಿದ್ದರೆ ಸಂಜೆ ಎದುರಿಗೆ ಸಿಕ್ಕಾಗ ‘ಏನ್ರೀ, ನೋಡೀರಿ, ಒಂದ್ ಮಾತ್ ಹೇಳಲಿಲ್ಲಲ್ರೀ’ ಎಂಬ ಪ್ರೀತಿಯ ಚುಚ್ಚು ಕಾದಿರುತ್ತದೆ. ಸೋಷಿಯಲ್ ಮೀಡಿಯಾದಿಂದ ತಲೆ ಕೆಟ್ಟಿದೆ, ಸಾಕಾಗಿದೆ ಎನ್ನುವ ಮಾತು ಇವತ್ತು ಎಲ್ಲ ಮನೆಗಳಲ್ಲಿ ಕೇಳುತ್ತದೆ. ಅದಕ್ಕೆ ಕೊಡುವ ಕಾರಣಗಳು ಮಾತ್ರ ಸಿದ್ಧಮಾದರಿಯವು: ಚಟ, ಪರದೆಯ ಬೆಳಕು, ಅತಿಯಾದ ಮಾಹಿತಿ. ಮಾಹಿತಿ ಹೆಚ್ಚಾದದ್ದೇ ಕಾರಣವಾಗಿದ್ದರೆ ಭಾನುವಾರದ ಪತ್ರಿಕೆಯನ್ನು ಕೊನೆಯ ಪುಟದ ತನಕ ಓದಿದವರೂ ಹೀಗೇ ಸೋಲಬೇಕಿತ್ತು. ಅವರು ಸೋಲುವುದಿಲ್ಲ, ಏಕೆಂದರೆ ಪತ್ರಿಕೆ ತಿರುಗಿ ಏನನ್ನೂ ಕೇಳುವುದಿಲ್ಲ. ನಮ್ಮನ್ನು ಹಣ್ಣು ಮಾಡುತ್ತಿರುವುದು ಓದುವ ಭಾರಕ್ಕಿಂತ ಉತ್ತರಿಸುವ ಭಾರ, ಕಂತಿಗೆ ಬಿಡುವಿಲ್ಲದ ಆಯೇರಿ ಎಂಬುದು ಈ ಲೇಖನದ ವಾದ.

ಇದು ಬರೀ ಹೋಲಿಕೆಯಲ್ಲ, ಆಧಾರವಿದೆ. ಜರ್ಮನಿಯ ಸಂಶೋಧಕ ಕ್ರಿಶ್ಚಿಯನ್ ಮೈಯರ್ ಮತ್ತು ಸಂಗಡಿಗರು ಐನೂರಕ್ಕೂ ಹೆಚ್ಚು ಫೇಸ್‌ಬುಕ್ ಬಳಕೆದಾರರನ್ನು ವಿಚಾರಿಸಿ 2015ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಜನ ಫೇಸ್‌ಬುಕ್ಕಿನಿಂದ ಬಳಲಿ ಅದನ್ನು ಬಿಡಬೇಕೆಂದುಕೊಳ್ಳುವುದು ಯಾಕೆ ಎಂಬುದು ಅವರ ಪ್ರಶ್ನೆ. ಸಿಕ್ಕ ಉತ್ತರ ಸ್ವಾರಸ್ಯದ್ದು. ನಾನು ಇತರರಿಗೆ ವಿಪರೀತ ಆಸರೆ ಕೊಡುತ್ತಿದ್ದೇನೆ, ಎಲ್ಲರ ಸುಖದುಃಖಕ್ಕೂ ನಾನೇ ಆಗಬೇಕು ಎಂಬ ಭಾವನೆ ಬಂದಾಗ ಬಳಲಿಕೆ ಬರುತ್ತದೆ. ಬಳಲಿಕೆಯಿಂದ ಅತೃಪ್ತಿ, ಅತೃಪ್ತಿಯಿಂದ ಬಿಡುವ ಮನಸ್ಸು. ಗೆಳೆಯರ ಸಂಖ್ಯೆ ಹೆಚ್ಚಿದಷ್ಟೂ, ಎಷ್ಟು ಹೊತ್ತು ಅಲ್ಲಿರುತ್ತೇವೋ ಅಷ್ಟೂ, ‘ಸ್ಪಂದಿಸಲೇಬೇಕು’ ಎಂಬ ರೂಢಿಯ ಒತ್ತಡವಿದ್ದಷ್ಟೂ ಭಾರ ಹೆಚ್ಚು. ಇದರರ್ಥ, ಮೊದಲು ಸೋಲುವವರು ಒಳ್ಳೆಯ ಮನಸ್ಸಿನವರು. ಹೊಣೆಗೇಡಿಗೆ ಈ ಕಾಯಿಲೆ ಇಲ್ಲ; ಅವನ ಫೋನಿನಲ್ಲಿ ಓದದ ಸಾವಿರ ಮೆಸೇಜು ಬಿದ್ದಿದ್ದರೂ ಅವನಿಗೆ ನಿದ್ದೆ ಬರುತ್ತದೆ. ಎಲ್ಲರನ್ನೂ ಮಾತಾಡಿಸಿಕೊಂಡು ಹೋಗುವವರು, ನಾಲ್ಕು ಜನಕ್ಕೆ ಬೇಕಾದವರು, ಇಲ್ಲ ಎನ್ನಲು ಬಾರದವರು ಇವರೇ ಕುಸಿಯುವುದು.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಯಾವ ಗಲ್ಲಿಯ ಗ್ರೂಪಿನಲ್ಲೂ ನಡೆಯುವಂಥದ್ದು. ಬೆಳಿಗ್ಗೆ ಏಳರ ಸುಮಾರಿಗೆ ಮೆಸೇಜು ಬರುತ್ತದೆ: ಇಂಥವರ ತಾಯಿ ಬೆಳಗಿನ ಜಾವ ತೀರಿಕೊಂಡರು, ಅಂತ್ಯಕ್ರಿಯೆ ಹನ್ನೊಂದಕ್ಕೆ ಸದಾಶಿವನಗರದ ಸ್ಮಶಾನದಲ್ಲಿ. ಅದರ ನೆತ್ತಿಯ ಮೇಲೆ ಹಿಂದಿನ ರಾತ್ರಿಯ ಕೇಕಿನ ಚಿತ್ರ ಇನ್ನೂ ಹಾಗೇ ಇದೆ. ಕೆಳಗೆ ಸಾಲು ಬೆಳೆಯುತ್ತದೆ. ಓಂ ಶಾಂತಿ. ಓಂ ಶಾಂತಿ. ಭಾವಪೂರ್ಣ ಶ್ರದ್ಧಾಂಜಲಿ. ಆರ್‌ಐಪಿ. ಕೈಮುಗಿದ ಚಿತ್ರ ಮೂರು. ಎರಡು ಓಂ ಶಾಂತಿಯ ನಡುವೆ, ಮೇಲಿನ ಸುದ್ದಿ ನೋಡದ ಯಾರೋ ಕೇಕಿಗೆ ‘ಜುಗ ಜುಗ ಜೀವೋ’ ಎಂದು ಹಾಕಿಬಿಡುತ್ತಾರೆ. ಗಾಬರಿಯಿಂದ ಅಳಿಸಿದರೆ ‘ಈ ಮೆಸೇಜ್ ಅಳಿಸಲಾಗಿದೆ’ ಎಂಬ ಗುರುತು ಅಲ್ಲೇ ಉಳಿಯುತ್ತದೆ. ಅರವತ್ತನೆಯವರು ಓಂ ಶಾಂತಿ ಬರೆಯುವಾಗ ಅದು ಯಾರಿಗೆ ತಲುಪುತ್ತದೆ? ತಾಯಿಯ ಹೆಣದ ಮುಂದೆ ಕೂತ ಮಗ ಫೋನ್ ನೋಡುವ ಸ್ಥಿತಿಯಲ್ಲಿಲ್ಲ. ಅದನ್ನು ನೋಡುವವರು ಗ್ರೂಪಿನ ಉಳಿದವರು. ನಾನು ಬಂದು ಹೋಗಿದ್ದೇನೆ ಎಂದು ವಹಿಯಲ್ಲಿ ಹಾಕುವ ಸಹಿ ಅದು. ಮೊದಲೂ ಸಾವಿನ ಮನೆಗೆ ‘ಮಾತಾಡಿಸಾಕ’ ಹೋಗುತ್ತಿದ್ದರು. ಅಲ್ಲಿ ಮಾತು ಕಡಿಮೆ, ಕೂತು ಬರುವುದೇ ಹೆಚ್ಚು. ಹತ್ತು ನಿಮಿಷ ಗೋಡೆಗೆ ಒರಗಿ ಸುಮ್ಮನೆ ಕೂತು ಎದ್ದರೆ ಋಣ ತೀರಿತು. ಸುಮ್ಮನಿರುವುದಕ್ಕೂ ಅಲ್ಲಿ ಬೆಲೆಯಿತ್ತು. ಫೋನಿನಲ್ಲಿ ಸುಮ್ಮನಿದ್ದರೆ ಬಂದಿಲ್ಲವೆಂದೇ ಲೆಕ್ಕ.

ಆ ಲೆಕ್ಕವನ್ನು ಇಡುವುದಕ್ಕೇ ಒಂದು ಸಲಕರಣೆ ಇದೆ. ವಾಟ್ಸಾಪ್ 2014ರ ನವೆಂಬರಿನಲ್ಲಿ ಬ್ಲೂ ಟಿಕ್ ತಂದಿತು. ಗಲಾಟೆಯಾದ ಮೇಲೆ ಅದನ್ನು ಆಫ್ ಮಾಡಿಕೊಳ್ಳುವ ಸೌಲಭ್ಯ ಕೊಟ್ಟಿತು, ಆದರೆ ಆ ಸೌಲಭ್ಯ ಗ್ರೂಪಿಗೆ ಅನ್ವಯಿಸುವುದಿಲ್ಲ. ಗ್ರೂಪಿನಲ್ಲಿ ನಾವು ಹಾಕಿದ ಮೆಸೇಜನ್ನು ಒತ್ತಿ ಹಿಡಿದು ಮಾಹಿತಿ ತೆಗೆದರೆ ಯಾರು ಎಷ್ಟು ಗಂಟೆಗೆ ಓದಿದರು ಎಂಬ ಪಟ್ಟಿ ಇವತ್ತಿಗೂ ಕಾಣುತ್ತದೆ. ಮದುವೆ ಮನೆಯ ಕಾಕಾ ಕೊಟ್ಟವರ ಹೆಸರನ್ನಷ್ಟೇ ಬರೆಯುತ್ತಿದ್ದರು. ಬಂದು, ಉಂಡು, ಏನೂ ಕೊಡದೆ ಹೋದವರ ಹೆಸರನ್ನು ಬೇರೆ ಪುಟದಲ್ಲಿ ಬರೆದಿಟ್ಟಿದ್ದರೆ ನೆಂಟಸ್ತನಗಳು ಉಳಿಯುತ್ತಿದ್ದವೇ?

ಇನ್ನು ಸಂಖ್ಯೆಯ ಮಾತು. ಮನುಷ್ಯ ನಿಜವಾಗಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150 ಎಂದು ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ 1990ರ ದಶಕದ ಆರಂಭದಲ್ಲಿ ಅಂದಾಜು ಮಾಡಿದರು. ಅದರೊಳಗೂ ಸುತ್ತುಗಳಿವೆ: ಕಷ್ಟಕ್ಕೆ ಕರೆಯಬಲ್ಲವರು ಐದು, ಆಪ್ತರು ಹದಿನೈದು, ಗೆಳೆಯರು ಐವತ್ತು. 150 ಎಂಬ ಅಂಕಿಯ ಖಚಿತತೆಯ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ, ಅದು ಇರಲಿ. ಮಿತಿಯೊಂದು ಇದೆ ಎಂಬುದನ್ನು ಅಲ್ಲಗಳೆದವರು ಕಡಿಮೆ. ವಾಟ್ಸಾಪ್ ಗ್ರೂಪಿನ ಮಿತಿ ಇದ್ದಕ್ಕಿದ್ದಂತೆ ಈ ಮಿತಿಯನ್ನು ಹಾರಿತು. 2016ರಲ್ಲಿ 256 ಜನ, 2022ರಲ್ಲಿ 512, ಅದೇ ವರ್ಷದ ಕೊನೆಗೆ 1024. ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಿ. 256 ಜನರ ಗ್ರೂಪಿನಲ್ಲಿ ಪ್ರತಿಯೊಬ್ಬರೂ ಉಳಿದವರ ಹುಟ್ಟುಹಬ್ಬಕ್ಕೆ ಒಂದೊಂದು ಶುಭಾಶಯ ಹೇಳಿದರೆ ವರ್ಷಕ್ಕೆ 65,280 ಶುಭಾಶಯ. ಒಬ್ಬೊಬ್ಬರ ಪಾಲಿಗೆ ಬರೆಯಲು 255. ಹುಟ್ಟಿದವರು ಒಬ್ಬೊಬ್ಬರಿಗೂ ‘ಧನ್ಯವಾದ ಅಣ್ಣಾ’, ‘ಥ್ಯಾಂಕ್ಯೂ ವೈನಿ’ ಎಂದರೆ ಇನ್ನೊಂದು 65,280. ಇದು ಒಂದೇ ಗ್ರೂಪಿನದು, ಒಂದೇ ಬಗೆಯ ಶುಭಾಶಯದ್ದು. ಅಪ್ಪ-ಅವ್ವನಿಗೆ ತಮ್ಮ ಹುಟ್ಟಿದ ತಾರೀಖೇ ಗೊತ್ತಿರದ, ಶಾಲೆಯ ಮಾಸ್ತರರು ಜೂನ್ ಒಂದು ಎಂದು ಬರೆದು ಕೂರಿಸಿದ ಊರುಗಳಲ್ಲಿ ಈ ಸುಗ್ಗಿ ನಡೆದಿರುವುದು ತಮಾಷೆಯೇ.

ಇಷ್ಟು ಎಲ್ಲ ಊರಿನ ಕತೆ. ಬೆಳಗಾವಿಯ ಕ್ಯಾಂಪಿಗೆ ಬಂದರೆ ಇದಕ್ಕೆ ಇನ್ನೊಂದು ಪದರವಿದೆ. 1818ರಲ್ಲಿ ಕೋಟೆ ಬ್ರಿಟಿಷರ ಕೈಸೇರಿದ ಮೇಲೆ ಬೆಳೆದ ದಂಡಿನ ಪೇಟೆ ಅದು. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್, 1856ರಲ್ಲಿ ಶುರುವಾದ ಸೇಂಟ್ ಪಾಲ್ಸ್ ಶಾಲೆ, ಇಂಗ್ಲಿಷರ ಕಾಲದ ಚರ್ಚು, ಮೀನು ಮಾರ್ಕೆಟ್ಟು, ಬಂಗಲೆಗಳ ಸಾಲು, ಹಿಂದಿನ ಗಲ್ಲಿಗಳ ಒತ್ತೊತ್ತಿನ ಮನೆಗಳು. ಇಲ್ಲಿ ಬೆಳೆದ ಮನುಷ್ಯನಿಗೆ ದಿನಕ್ಕೆ ನಾಲ್ಕು ಭಾಷೆ ಸಹಜ. ಮನೆ ಮಾಲೀಕರೊಂದಿಗೆ ಮರಾಠಿ, ಕಚೇರಿಯಲ್ಲಿ ಕನ್ನಡ, ದಂಡಿನವರೊಂದಿಗೆ ಹಿಂದಿ, ಮಕ್ಕಳ ಶಾಲೆಯಲ್ಲಿ ಮುರುಕು ಇಂಗ್ಲಿಷ್. ನೆರೆಯ ಮನೆಗಳಿಂದ ಕೊಂಕಣಿ, ಉರ್ದು ಕಿವಿಗೆ ಬೀಳುತ್ತಲೇ ಇರುತ್ತವೆ. ಒಂದೊಂದು ಭಾಷೆಗೆ ಒಂದೊಂದು ಜಾಗ, ಒಂದೊಂದು ಹೊತ್ತು. ಮೀನು ಮಾರ್ಕೆಟ್ಟಿನಲ್ಲಿ ಯಾವ ಭಾಷೆಯಲ್ಲಿ ಚೌಕಾಶಿ ಮಾಡಿದೆ ಎಂದು ಕಚೇರಿಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಕಚೇರಿಯಲ್ಲಿ ಯಾವ ಭಾಷೆಯಲ್ಲಿ ಟಿಪ್ಪಣಿ ಬರೆದೆ ಎಂದು ಮನೆ ಮಾಲೀಕರು ಕೇಳುತ್ತಿರಲಿಲ್ಲ. ಖಾನಾಪುರದಿಂದ ಸುಮಾರು 25 ಕಿಲೋಮೀಟರ್ ಬಸ್ಸಿನಲ್ಲೋ ರೈಲಿನಲ್ಲೋ ಬಂದು ದುಡಿದು ಹೋಗುವವರ ಬದುಕೂ ಹಾಗೇ: ಬೆಳಿಗ್ಗೆ ಊರಿನ ಮಾತು, ಹಗಲು ಪೇಟೆಯ ಮಾತು, ಸಂಜೆ ಗಾಡಿ ಹತ್ತಿದರೆ ಮತ್ತೆ ಊರಿನ ಮಾತು. ನಡುವಿನ ಆ ಒಂದು ತಾಸಿನ ದಾರಿ ಎರಡು ಲೋಕಗಳನ್ನು ಬೇರೆ ಬೇರೆ ಇಟ್ಟಿತ್ತು.

ಫೋನು ಆ ದಾರಿಯನ್ನೇ ಅಳಿಸಿತು. ಈಗ ಮನೆ ಮಾಲೀಕರು, ಮೇಲಧಿಕಾರಿ, ಶಾಲೆಯ ಗೆಳೆಯರು, ಬೀಗರು ಎಲ್ಲರೂ ಒಂದೇ ಸ್ಟೇಟಸ್ ನೋಡುತ್ತಾರೆ. ಬೇರೆ ಬೇರೆ ಪ್ರೇಕ್ಷಕರು ಹೀಗೆ ಒಂದೇ ಅಂಗಳಕ್ಕೆ ಬಂದು ಬೀಳುವುದನ್ನು ಸಂಶೋಧಕಿಯರಾದ ಆಲಿಸ್ ಮಾರ್ವಿಕ್ ಮತ್ತು ಡೇನಾ ಬಾಯ್ಡ್ 2011ರ ಸುಮಾರಿಗೆ ಟ್ವಿಟರ್ ಬಳಕೆದಾರರನ್ನು ಇಟ್ಟುಕೊಂಡು ವಿವರಿಸಿದರು. ಅವರು ನೋಡಿದ್ದು ಟ್ವಿಟರನ್ನು; ಗಡಿ ಜಿಲ್ಲೆಯೊಂದರಲ್ಲಿ ಇದರ ಬಿಸಿ ಎಷ್ಟೆಂದು ತಿಳಿಯಬೇಕಾದರೆ ನವೆಂಬರ್ ಒಂದರಂದು ಬೆಳಗಾವಿಯಲ್ಲಿರಬೇಕು. ಚೆನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ಜನಸಾಗರ, ಅದೇ ದಿನ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕರಾಳ ದಿನ. ಬೀದಿಯಲ್ಲಿ ಇವೆರಡನ್ನೂ ಬಿಟ್ಟು ಮನೆಯಲ್ಲಿ ಚುರುಮುರಿ ತಿಂದುಕೊಂಡು ಕೂರುವ ಸ್ವಾತಂತ್ರ್ಯ ಸಾಮಾನ್ಯನಿಗೆ ಯಾವಾಗಲೂ ಇತ್ತು, ಬಹುಪಾಲು ಜನ ಅದನ್ನೇ ಮಾಡುತ್ತಾರೆ. ಫೋನಿನಲ್ಲಿ ಆ ಸ್ವಾತಂತ್ರ್ಯ ಕುಗ್ಗಿದೆ. ಹಳದಿ-ಕೆಂಪು ಹಾಕಿದರೆ ಒಂದು ಗ್ರೂಪು ಗಮನಿಸುತ್ತದೆ, ಹಾಕದಿದ್ದರೆ ಇನ್ನೊಂದು. ಶುಭಾಶಯವನ್ನು ಯಾವ ಲಿಪಿಯಲ್ಲಿ ಬರೆದೆ ಎಂಬುದೂ ಹೇಳಿಕೆಯಾಗುತ್ತದೆ. 2025ರ ಫೆಬ್ರವರಿಯಲ್ಲಿ ಬೆಳಗಾವಿ ತಾಲೂಕಿನಲ್ಲಿ ಭಾಷೆಯ ಮಾತಿಗೆ ಬಸ್ ಕಂಡಕ್ಟರ್ ಮೇಲೆ ಹಲ್ಲೆಯಾದಾಗ ಎರಡೂ ರಾಜ್ಯಗಳ ನಡುವೆ ಬಸ್ಸುಗಳು ನಿಂತವು, ಮಾರ್ಚ್ 22ಕ್ಕೆ ಕರ್ನಾಟಕ ಬಂದ್ ಕರೆ ಬಂತು. ಬಸ್ಸುಗಳು ಮತ್ತೆ ಓಡತೊಡಗಿದವು. ಗ್ರೂಪುಗಳಲ್ಲಿ ಅಂಥ ದಿನಗಳಲ್ಲಿ ಯಾರು ಏನು ಬರೆದರು, ಯಾರು ಬರೆಯಲಿಲ್ಲ ಎಂಬುದು ಮಾತ್ರ ದಾಖಲೆಯಾಗಿ ಉಳಿಯುತ್ತದೆ. ಬಾಯಿಮಾತಿನ ಊರು ಬರಹದ ಊರಾಗಿರುವುದರ ಫಲ ಇದು. ಬಾಯಿಂದ ಜಾರಿದ ಮಾತನ್ನು ‘ಹಂಗಲ್ಲೋ ಮಾರಾಯಾ’ ಎಂದು ತಿದ್ದಬಹುದಿತ್ತು. ಸ್ಕ್ರೀನ್‌ಶಾಟಿಗೆ ಆ ಸೌಜನ್ಯ ತಿಳಿಯದು.

ಇಲ್ಲಿಗೆ ಮೊದಲ ಆಕ್ಷೇಪ ಬರಬೇಕು, ಅದೂ ಖಾನಾಪುರದ ಕಡೆಯಿಂದಲೇ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಾಡು, 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಭೀಮಗಡದೊಳಗಿನ ಹಳ್ಳಿಗಳು, ಮಳೆಗಾಲದಲ್ಲಿ ಹಳ್ಳ ಬಂದರೆ ದಾರಿಯೇ ಕಡಿಯುವ ಜಾಗಗಳು ಆ ತಾಲೂಕಿನಲ್ಲಿವೆ. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವವರ ಮುಂದೆ ಮೆಸೇಜು ಹೆಚ್ಚಾಯಿತೆಂದು ಅಳುವುದು ಹೊಟ್ಟೆ ತುಂಬಿದವರ ಅಜೀರ್ಣದ ದೂರಿನಂತೆ ಕೇಳಿಸುತ್ತದೆ. ಆಕ್ಷೇಪದಲ್ಲಿ ಸತ್ಯವಿದೆ. ಹೆರಿಗೆ ನೋವು ಬಂದಾಗ ಆಂಬುಲೆನ್ಸ್ ಕರೆಯಲು, ಗೋವಾ-ಪುಣೆಗೆ ದುಡಿಯಲು ಹೋದ ಮಗನ ದನಿ ಕೇಳಲು ಟವರ್ ಬೇಕೇ ಬೇಕು. ಆದರೆ ಅವರು ಕೇಳುತ್ತಿರುವುದು ಬೇಕಾದಾಗ ಸಿಗುವ ಸಂಪರ್ಕವನ್ನು. ನಾವು ಬಳಲಿರುವುದು ಬೇಡವಾದಾಗಲೂ ಸಿಗುತ್ತಲೇ ಇರಬೇಕಾದ ಪಾಡಿನಿಂದ. ನಲ್ಲಿ ಇಲ್ಲದ ಊರಿನ ಗೋಳು ದೊಡ್ಡದೆಂದು ಒಡೆದ ನಲ್ಲಿಯನ್ನು ರಿಪೇರಿ ಮಾಡದೆ ಬಿಡುತ್ತೇವೆಯೇ? ಟವರ್ ಬಂದ ಹಳ್ಳಿಗೂ ಹಿಂದೆಯೇ ಈ ವಹಿ ಬರುತ್ತದೆ ಎಂಬುದು ನಿಜವಾದ ಚಿಂತೆ. ಜಿಯೊ 2016ರ ಸೆಪ್ಟೆಂಬರ್ 5ರಂದು ಶುರುವಾಗಿ ಡೇಟಾ ಅಗ್ಗವಾಯಿತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ ಹೇಳಿದ ಲೆಕ್ಕದಂತೆ ದೇಶದಲ್ಲಿ ವಾಟ್ಸಾಪ್ ಬಳಸುವವರು 53 ಕೋಟಿ. ಕೆಲವೇ ವರ್ಷಗಳಲ್ಲಿ ಇಷ್ಟು ಜನರ ಕೈಗೆ ಬಂದ ಸಾಧನವೊಂದಕ್ಕೆ ರೀತಿ-ರಿವಾಜು ಹುಟ್ಟಲು ಪುರುಸೊತ್ತೇ ಆಗಲಿಲ್ಲ.

ಎರಡನೆಯ ಆಕ್ಷೇಪ ಎಲ್ಲರ ಬಾಯಲ್ಲೂ ಇರುವುದು: ಬೇಡವಾದರೆ ಮ್ಯೂಟ್ ಮಾಡಿ, ಗ್ರೂಪ್ ಬಿಡಿ, ಯಾರು ಬೇಡ ಅಂದರು? ಸಾಮಾನ್ಯವಾಗಿ ಇದನ್ನು ಹೇಳುವವರು ಮನೆಯ ಗಂಡಸರು. ಮನೆಯಲ್ಲಿ ನೆಂಟರಿಷ್ಟರ ಲೆಕ್ಕ ಇಡುವವರು ಯಾರು? ಅಮೆರಿಕದ ಮಾನವಶಾಸ್ತ್ರಜ್ಞೆ ಮಿಕಾಯೆಲಾ ಡಿ ಲಿಯೊನಾರ್ಡೊ 1987ರಲ್ಲಿ ಇದನ್ನು ‘ನೆಂಟಸ್ತನದ ದುಡಿಮೆ’ ಎಂದು ಗುರುತಿಸಿದರು. ಹಬ್ಬಕ್ಕೆ ಕಾರ್ಡು ಕಳಿಸುವುದು, ಫೋನು ಮಾಡುವುದು, ಯಾರಿಗೆ ಏನು ಕೊಡಬೇಕೆಂದು ನೆನಪಿಡುವುದು, ಇದೆಲ್ಲ ಕೆಲಸವೇ. ಕೂಲಿಯಿಲ್ಲದ, ಕಣ್ಣಿಗೆ ಕಾಣದ ಕೆಲಸ. ಅದು ಹೆಂಗಸರ ಪಾಲಿಗೆ ಬಿದ್ದಿದೆ ಎಂದು ತೋರಿಸಿದರು. ನಮ್ಮಲ್ಲಿ ಗಂಡನ ಮನೆತನದ ಗ್ರೂಪಿನಲ್ಲಿ ಆತ್ಯಾನ ಮೊಣಕಾಲು ನೋವಿಗೂ ಮಾವನ ತೀರ್ಥಯಾತ್ರೆಯ ಫೋಟೊಗಳಿಗೂ ಉತ್ತರ ಬರೆಯುವವಳು ಸೊಸೆ. ಗಂಡ ಆ ಗ್ರೂಪನ್ನು ವರ್ಷಗಟ್ಟಲೆ ಮ್ಯೂಟ್ ಮಾಡಿದ್ದರೂ ‘ಅಂವಾ ಕೆಲಸದಾಗ ಇರ್ತಾನ’ ಎಂಬ ಮಾಫಿ ಇದೆ. ಸೊಸೆ ಎರಡು ದಿನ ಸುಮ್ಮನಿದ್ದರೆ ಏನಾಯಿತೆಂಬ ವಿಚಾರಣೆ ಬೇರೆ ಗ್ರೂಪಿನಲ್ಲಿ ಶುರುವಾಗುತ್ತದೆ. ಇನ್ನು ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ, ಶಾಲಾ ಮಾಸ್ತರರ ಪಾಡು ಬೇರೆಯೇ. ಅವರಿಗೆ ಮೇಲಿನ ಆದೇಶ ಬರುವುದೇ ವಾಟ್ಸಾಪಿನಲ್ಲಿ. ಮ್ಯೂಟ್ ಮಾಡು ಎಂದರೆ ಕೆಲಸ ಬಿಡು ಎಂದಂತೆ.

ಬಿಡುವುದೂ ಅಷ್ಟು ಸುಲಭವಲ್ಲ. 2022ರ ಆಗಸ್ಟಿನಿಂದ ಸದ್ದಿಲ್ಲದೆ ಗ್ರೂಪ್ ಬಿಡಬಹುದು, ಅಡ್ಮಿನ್‌ಗಳಿಗಷ್ಟೇ ತಿಳಿಯುತ್ತದೆ ಎಂದು ಕಂಪನಿ ದೊಡ್ಡದಾಗಿ ಹೇಳಿಕೊಂಡಿತು. ಆದರೆ ಕಳೆದ 60 ದಿನಗಳಲ್ಲಿ ಬಿಟ್ಟುಹೋದವರ ಪಟ್ಟಿಯನ್ನು ಗ್ರೂಪಿನ ಯಾವ ಸದಸ್ಯರೂ ತೆರೆದು ನೋಡಬಹುದು. ಅರವತ್ತು ದಿನ! ಸೂತಕವೂ ಅಷ್ಟು ದಿನ ಇರುವುದಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹಳೆಯ ಊರುಗಳೇನು ಸ್ವರ್ಗವಾಗಿದ್ದವೇ? ಕಟ್ಟೆಯ ಮೇಲೆ ಕೂತವರು ಹೋಗುವ ಬರುವ ಹೆಣ್ಣುಮಕ್ಕಳ ಲೆಕ್ಕ ಇಡುತ್ತಿರಲಿಲ್ಲವೇ? ಒಲ್ಲದ ನೆಂಟರು ವಾರಗಟ್ಟಲೆ ಠಿಕಾಣಿ ಹೂಡುತ್ತಿರಲಿಲ್ಲವೇ? ಹೌದು, ಎಲ್ಲವೂ ಇತ್ತು. ಊರ ಕಣ್ಣಿನಿಂದ ಪಾರಾಗಲಿಕ್ಕೆಂದೇ ಎಷ್ಟೋ ಜನ ಪೇಟೆ ಸೇರಿದರು. ಪೇಟೆ ಅವರಿಗೆ ಕೊಟ್ಟದ್ದೇನು ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1970ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಕಾಣಬಹುದು. ನಗರದಲ್ಲಿ ಮನುಷ್ಯನಿಗೆ ಎದುರಾಗುವ ಮುಖಗಳು ಅವನ ಶಕ್ತಿಗೆ ಮೀರಿದವು. ಆದ್ದರಿಂದ ಅವನು ಒಬ್ಬೊಬ್ಬರಿಗೆ ಕೊಡುವ ಹೊತ್ತನ್ನು ಕಡಿಮೆ ಮಾಡುತ್ತಾನೆ, ಕೆಲವರನ್ನು ನೋಡಿಯೂ ನೋಡದಂತೆ ಸಾಗುತ್ತಾನೆ. ಇದರಲ್ಲಿ ಗಮನಿಸಬೇಕಾದದ್ದು, ನಗರ ಇದನ್ನು ಎಲ್ಲರಿಗೂ ಒಪ್ಪಿತವಾದ ರೂಢಿ ಮಾಡಿಕೊಂಡಿತು. ಕ್ಯಾಂಪಿನ ರಸ್ತೆಯಲ್ಲಿ ಅಪರಿಚಿತನಿಗೆ ನಮಸ್ಕಾರ ಹೇಳದಿದ್ದರೆ ಯಾರೂ ಸಿಟ್ಟಾಗುವುದಿಲ್ಲ, ಖಾನಾಪುರದ ಹಳ್ಳಿಯೊಂದರ ಓಣಿಯಲ್ಲಿ ಹೇಳದಿದ್ದರೆ ಆಗುತ್ತಾರೆ. ಹಳ್ಳಿಗೆ ಜನ ಕಡಿಮೆ, ಕಟ್ಟಳೆ ಹೆಚ್ಚು. ಪೇಟೆಗೆ ಜನ ಹೆಚ್ಚು, ಕಟ್ಟಳೆ ಕಡಿಮೆ. ಎರಡೂ ತಕ್ಕಡಿಗಳು ತಮ್ಮ ತಮ್ಮ ರೀತಿಯಲ್ಲಿ ಸಮ ಇದ್ದವು. ವಾಟ್ಸಾಪ್ ಪೇಟೆಯ ಜನಸಂಖ್ಯೆಯನ್ನೂ ಹಳ್ಳಿಯ ಕಟ್ಟಳೆಯನ್ನೂ ಒಂದೇ ತಟ್ಟೆಯಲ್ಲಿ ಹಾಕಿ ತೂಗುತ್ತಿದೆ. ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಮುಂದೆ ಹೋಗುವುದನ್ನು ಒರಟುತನವೆಂದು ಹಿರಿಯರು ಬೇಸರಿಸುತ್ತಾರೆ. ಅದು ಒರಟುತನವಲ್ಲ, ದಣಿದವನು ಕೊಡುವ ಚಿಲ್ಲರೆ.

ಹಾಗಾದರೆ ಫೋನನ್ನೇ ಎತ್ತಿಡುವುದು ಮದ್ದೇ? ಇದರ ಬಗ್ಗೆ ನಮ್ಮ ದೇಶದಲ್ಲೇ ನಡೆದ ಒಂದು ಪ್ರಯೋಗವಿದೆ. ನಿಕೊಲಸ್ ಫಿಟ್ಜ್ ಮತ್ತು ಜೊತೆಗಾರರು 237 ಭಾರತೀಯ ಸ್ಮಾರ್ಟ್‌ಫೋನ್ ಬಳಕೆದಾರರನ್ನು ಎರಡು ವಾರ ಗಮನಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ನೋಟಿಫಿಕೇಶನ್‌ಗಳು ಎಂದಿನಂತೆ ಬಂದವು. ಕೆಲವರಿಗೆ ಗಂಟೆಗೊಮ್ಮೆ, ಕೆಲವರಿಗೆ ದಿನಕ್ಕೆ ಮೂರು ಸಲ ಕಟ್ಟುಗಟ್ಟಿ ಬಂದವು. ಇನ್ನು ಕೆಲವರಿಗೆ ಬರಲೇ ಇಲ್ಲ. ಮೂರು ಸಲದವರು ಹೆಚ್ಚು ಹಗುರವಾಗಿದ್ದರು, ಕೆಲಸದಲ್ಲಿ ಮನಸ್ಸು ನಿಂತಿತು, ಫೋನು ತಮ್ಮ ಹಿಡಿತದಲ್ಲಿದೆ ಅನ್ನಿಸಿತು. ನೋಟಿಫಿಕೇಶನ್ ಪೂರ್ತಿ ನಿಂತವರಿಗೆ ಮಾತ್ರ ಆತಂಕ ಹೆಚ್ಚಾಯಿತು: ಏನೋ ತಪ್ಪಿಹೋಗುತ್ತಿದೆ ಎಂಬ ಕಳವಳ. ನನಗೆ ಇದರಲ್ಲಿ ಕಾಣುವುದು ಟಪಾಲಿನವನ ಸೈಕಲ್ಲು. ಅವನು ಬರುವ ಹೊತ್ತು ಎಲ್ಲರಿಗೂ ಗೊತ್ತು. ಬಂದ, ಕೊಟ್ಟ, ಹೋದ. ನಾಳೆಯವರೆಗೆ ಯಾರಿಗೂ ಯಾರ ಬಾಕಿಯೂ ಇಲ್ಲ. ಖಾನಾಪುರದ ಸಂತೆಯ ಲೆಕ್ಕವೂ ಇದೇ: ವಾರದ ಒಂದು ದಿನ ಹತ್ತು ಹಳ್ಳಿಯವರು ಸಿಗುತ್ತಾರೆ, ಕಾಯಿಪಲ್ಯದ ಜೊತೆಗೆ ಸುದ್ದಿಯೂ ಕೈ ಬದಲಾಗುತ್ತದೆ, ಸಂಜೆ ಸಂತೆ ಕರಗಿದರೆ ಮಾತೂ ಕರಗಿತು. ಸಂಬಂಧಕ್ಕೆ ಬೇಕಾದದ್ದು ಹೊತ್ತಿನ ಕಟ್ಟು. ದಂಡಿನವರಿಗೆ ಈ ಕಟ್ಟು ಮೇಲಿನಿಂದ ಬರುತ್ತದೆ. 2020ರ ಜುಲೈಯಲ್ಲಿ ಭಾರತೀಯ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಅಳಿಸಿಹಾಕುವಂತೆ ತನ್ನವರಿಗೆ ಹೇಳಿತು. ಕಾರಣ ಗೂಢಚರ್ಯೆಯ ಭಯ, ದಣಿವಲ್ಲ. ಆದರೂ ಎಲ್ಲರಿಗೂ ಒಂದೇ ಆದೇಶವಾದ್ದರಿಂದ ‘ನನ್ನ ಫೋಟೊಗೆ ಲೈಕ್ ಕೊಡಲಿಲ್ಲ’ ಎಂದು ಸಿಪಾಯಿಯ ಮೇಲೆ ಯಾರೂ ಮುನಿಸಿಕೊಳ್ಳುವಂತಿರಲಿಲ್ಲ ಎಂಬುದು ಅದರ ಬೋನಸ್ಸು.

ಆದೇಶ ನಾಗರಿಕರಿಗೆ ಹೊಂದುವುದಿಲ್ಲ, ರಿವಾಜು ಹೊಂದುತ್ತದೆ. ನಮ್ಮ ಪಕ್ಕದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ ಎಂಬ ಹಳ್ಳಿ 2022ರ ಆಗಸ್ಟ್ 15ರಿಂದ ಒಂದು ಕಟ್ಟುಪಾಡು ಮಾಡಿಕೊಂಡಿದೆ. ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಎಂಟೂವರೆಯ ತನಕ ಊರಿಗೆ ಊರೇ ಟಿವಿ, ಮೊಬೈಲ್ ಬಂದ್. ಮಕ್ಕಳು ಓದಲೆಂದು ಶುರುವಾದದ್ದು. ಹೊರಗಿನ ಪತ್ರಕರ್ತರಿಗೆ ಅದು ಮೊಬೈಲ್ ಬಿಡಿಸುವ ಉಪವಾಸದಂತೆ ಕಂಡಿತು. ನನ್ನ ಪ್ರಕಾರ ಅದರ ಗುಟ್ಟು ಬೇರೆ. ಒಬ್ಬನೇ ಫೋನ್ ಆಫ್ ಮಾಡಿದರೆ ಅವನ ಮೌನಕ್ಕೆ ಅರ್ಥ ಹುಟ್ಟುತ್ತದೆ: ಸಿಟ್ಟೋ, ಸೊಕ್ಕೋ, ಕಾಯಿಲೆಯೋ. ಎಲ್ಲರೂ ಒಟ್ಟಿಗೆ ಆಫ್ ಮಾಡಿದರೆ ಮೌನಕ್ಕೆ ಅರ್ಥವೇ ಇರುವುದಿಲ್ಲ. ಆ ಒಂದೂವರೆ ತಾಸು ಯಾರ ವಹಿಯಲ್ಲೂ ಯಾರ ಹೆಸರೂ ಏರುವುದಿಲ್ಲ. ಇಚ್ಛಾಶಕ್ತಿಯ ಪುಸ್ತಕಗಳು, ಡಿಟಾಕ್ಸಿನ ಉಪದೇಶಗಳು ಸೋಲುವುದು ಇಲ್ಲೇ. ಸಾಲ ಇಬ್ಬರ ನಡುವಿನದು; ಒಬ್ಬರ ಸಂಯಮದಿಂದ ತೀರುವುದಿಲ್ಲ.

ಇದು ಹಳ್ಳಿಯಲ್ಲಾದೀತು, ಬೆಳಗಾವಿಯಂಥ ನಗರದಲ್ಲಿ ಹೇಗೆ ಎಂದರೆ, ನಗರಕ್ಕೆಲ್ಲ ಒಂದೇ ಸೈರನ್ ಬೇಕಿಲ್ಲ. ಗ್ರೂಪೇ ಒಂದು ಊರು. ನಿಯಮ ತಂದರೆ ನಡತೆ ಬದಲಾಗುತ್ತದೆ ಎಂಬುದಕ್ಕೆ ವಾಟ್ಸಾಪೇ ಸಾಕ್ಷಿ. 2018ರಲ್ಲಿ ಮಕ್ಕಳ ಕಳ್ಳರ ವದಂತಿಗೆ ದೇಶದ ಹಲವೆಡೆ ಜನ ಸತ್ತರು. ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜುಲೈ 13ರಂದು ಒಬ್ಬ ಎಂಜಿನಿಯರನ್ನು ಹೊಡೆದು ಕೊಂದರು. ಅದೇ ತಿಂಗಳು ಕಂಪನಿ ಭಾರತದಲ್ಲಿ ಫಾರ್ವರ್ಡನ್ನು ಐದಕ್ಕೆ ಇಳಿಸಿತು. 2020ರ ಏಪ್ರಿಲಿನಲ್ಲಿ ಪದೇ ಪದೇ ಫಾರ್ವರ್ಡ್ ಆದ ಮೆಸೇಜನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದೆಂದು ಕಟ್ಟು ಹಾಕಿದಾಗ ಅಂಥವು ಶೇ 70ರಷ್ಟು ಕಡಿಮೆಯಾದವು ಎಂದು ಕಂಪನಿಯೇ ಹೇಳಿತು. ಯಾರ ಮನಸ್ಸೂ ಬದಲಾಗಲಿಲ್ಲ, ಕೈಗೆ ಸ್ವಲ್ಪ ಅಡ್ಡಿಯಾಯಿತು, ಅಷ್ಟೇ. ‘ಅಡ್ಮಿನ್ ಮಾತ್ರ ಬರೆಯಬಹುದು’ ಎಂಬ ಬಟನ್ನು 2018ರಿಂದಲೂ ಇದೆ; ರಾತ್ರಿ ಒಂಬತ್ತಕ್ಕೆ ಒತ್ತಿ ಬೆಳಿಗ್ಗೆ ಏಳಕ್ಕೆ ಬಿಡಲು ಯಾವ ಕಾಯ್ದೆಯೂ ಬೇಕಿಲ್ಲ. ಹುಟ್ಟುಹಬ್ಬಕ್ಕೆ ಗ್ರೂಪಿನ ಪರವಾಗಿ ಒಬ್ಬರೇ ಶುಭಾಶಯ ಹೇಳಿದರೆ ಎಲ್ಲರದೂ ಸಂದಂತೆ ಎಂದು ಗೊತ್ತು ಮಾಡಿಕೊಳ್ಳಬಹುದು. ಸಾವಿನ ಸುದ್ದಿಯ ಕೆಳಗೆ ಏನನ್ನೂ ಬರೆಯದೆ, ಸಾಧ್ಯವಾದವರು ಮನೆಗೆ ಹೋಗಿ ಬರುವುದು ಎಂದು ಠರಾಯಿಸಬಹುದು. ಭಜನಾ ಮಂಡಳಿ, ಮಹಿಳಾ ಸಂಘ, ಗಲ್ಲಿಯ ಗಣೇಶೋತ್ಸವ ಮಂಡಳ ಇವೆಲ್ಲ ಸಭೆ ಸೇರಿ ಇದಕ್ಕಿಂತ ಕಠಿಣವಾದ ಠರಾವುಗಳನ್ನು ಪಾಸು ಮಾಡಿದ ಊರು ಇದು.

ನಿಮ್ಮ ಗ್ರೂಪಿನ ಅಡ್ಮಿನ್ ಯಾರೆಂದು ನಿಮಗೆ ಗೊತ್ತಿದೆ. ಈ ಭಾನುವಾರ ಸಂಜೆ ಅವರ ಮನೆಗೆ ಹೋಗಿ, ಚಹಾ ಕುಡಿದು, ಈ ಮಾತನ್ನು ಹೇಳಿ ಬನ್ನಿ. ಗ್ರೂಪಿನಲ್ಲಿ ಮಾತ್ರ ಹಾಕಬೇಡಿ. ಅದಕ್ಕೂ ಇನ್ನೂರು ಹೆಬ್ಬೆರಳು ಬಂದು ಬೀಳುತ್ತವೆ.